ಉಪ್ಪಿಲ್ಲದ ಎಡೆ

ದೋಣಿಯಿಂದ ಅಕ್ಕನ ಕೈಹಿಡಿದು ಇಳಿಸಿಕೊಂಡ ನಾರ್ಲಿನಾ, ಅಪ್ಪಿಕೊಳ್ಳುವುದಕ್ಕೂ ಮೊದಲು ಕೇಳಿದ್ದು, "ಮಾತ್ರೆ ಚೀಲ ಎಲ್ಲಿ?" ಎಂದು.

"ನೋಡ್ರಪ್ಪ, ಅಮ್ಮನ ಮಣ್ಣಿಗೆ ಬಂದು ಹೋದವಳು ಇವತ್ತು ಊರಿನ ಮುಖ ನೋಡ್ತಿದ್ದೀನಿ, ಇವಳಿಗೆ ಮಾತ್ರೆ ಚೀಲ ಬೇಕಂತೆ," ಎಂದು ಐಡೋರಾ ದೋಣಿಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. "ಕುತ್ತಿಗೆಗೇ ನೇತಾಕ್ಕೊಂಡಿದ್ದೀನಿ ಕಣೇ. ನನ್ನ ಮಗಳು ಕಾರ್ಲೀನ್ ಹಾಗೇ ಕಳಿಸಿದ್ದು, ಕರುವಿಗೆ ಗಂಟೆ ಕಟ್ಟಿದ ಹಾಗೆ."

ಜನ ನಕ್ಕರು. ನಾರ್ಲಿನಾ ನಗಲಿಲ್ಲ. ಅಕ್ಕನ ಮುಖ ಊದಿತ್ತು, ಕಣಕಾಲು ಊದಿತ್ತು. ಎಡಗೈಯಲ್ಲಿ, ಸೂಜಿ ಚುಚ್ಚುವ ಜಾಗದಲ್ಲಿ, ನರ ಹಗ್ಗದ ಹಾಗೆ ಎದ್ದು ನಿಂತಿತ್ತು. ಇವನ್ನೆಲ್ಲ ಅವಳು ಒಂದೇ ನೋಟಕ್ಕೆ ನೋಡಿಬಿಟ್ಟಿದ್ದಳು. ಆಮೇಲೆ ಅಪ್ಪಿಕೊಂಡಳು.

ಕ್ಯಾರಿಯಕೂ ದ್ವೀಪದ ಆರೋಗ್ಯ ಕೇಂದ್ರದಲ್ಲಿ ದಾದಿಯಾಗಿ ಅವಳ ಕೂದಲು ಬೆಳ್ಳಗಾಗಿತ್ತು. ವರ್ಷದ ಕೊನೆಗೆ ಹೊರಗಿನವರು ಬರತೊಡಗಿದರೆಂದರೆ ಅವಳಿಗೆ ಕೂರಲು ಪುರುಸೊತ್ತಿರುತ್ತಿರಲಿಲ್ಲ. ಬೆನ್ನೆಲ್ಲ ಬೆಂದು ಬೊಬ್ಬೆ ಎದ್ದ ಬಿಳಿಯರು, ಕಡಲಮುಳ್ಳು ತುಳಿದವರು, ತಿನ್ನಬಾರದ ಮೀನು ತಿಂದು ವಾಂತಿ ಮಾಡುತ್ತ ಬರುವವರು. ಅವರಿಗಿಂತ ಊರಿನವರೇ ಆಗಿದ್ದು ಬ್ರೂಕ್ಲಿನ್‌ನಿಂದಲೋ ಲಂಡನ್ನಿನಿಂದಲೋ ಬರುವವರು ಕಷ್ಟ. ಬಿ.ಪಿ. ಮಾತ್ರೆಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ, ಆ ಪೆಟ್ಟಿಗೆ ಇನ್ನೆಲ್ಲೋ ಇಳಿದು, ಇವರು ಇಲ್ಲಿ ತಲೆ ತಿರುಗಿ ಬೀಳುತ್ತಿದ್ದರು. ಊರಿನ ಗಾಳಿ ಕುಡಿದರೆ ರೋಗ ಓಡಿಹೋಗುತ್ತದೆಂದು ಅವರೆಲ್ಲರ ನಂಬಿಕೆ.

ಐಡೋರಾ ಮಾತ್ರ ಹಾಗೆ ಬಂದವಳಲ್ಲ. ಮಗಳು ಕಾರ್ಲೀನ್ ಟೊರೊಂಟೊದಲ್ಲಿ ಕೂತು ತಿಂಗಳುಗಟ್ಟಲೆ ಸಿದ್ಧತೆ ಮಾಡಿದ್ದಳು. ಹಾಕಿಸಬೇಕಾದ ಸೂಜಿಮದ್ದೆಲ್ಲ ಹಾಕಿಸಿದಳು. ಸೊಳ್ಳೆಗೆ ಹಚ್ಚಿಕೊಳ್ಳುವ ಮುಲಾಮು, ವಿಮಾನದಲ್ಲಿ ಹಾಕಿಕೊಳ್ಳಲು ಬಿಗಿ ಕಾಲುಚೀಲ, ಡಾಕ್ಟರ ಪತ್ರ ಎಲ್ಲ ಜೋಡಿಸಿದಳು. ಇಂಥ ರೋಗಿಗೆ ವಿಮೆ ಕೊಡಲಾಗದೆಂದು ಕಂಪನಿಯವರು ಕೈಯಲ್ಲಾಡಿಸಿದಾಗ ಚಿಕ್ಕಮ್ಮನಿಗೆ ಫೋನ್ ಮಾಡಿ ಅತ್ತಿದ್ದಳು. ಐಡೋರಾಳ ಎರಡೂ ಮೂತ್ರಪಿಂಡ ನಿಂತುಹೋಗಿದ್ದವು. ದಿನ ಬಿಟ್ಟು ದಿನ ಯಂತ್ರಕ್ಕೆ ಕೂತು ರಕ್ತ ತೊಳೆಸಿಕೊಳ್ಳಬೇಕು, ಉಪ್ಪು ತಿನ್ನಬಾರದು, ನೀರನ್ನೂ ಅಳೆದು ಕುಡಿಯಬೇಕು. ಆ ಯಂತ್ರ ಈ ದ್ವೀಪದಲ್ಲಿಲ್ಲ, ದೊಡ್ಡ ದ್ವೀಪ ಗ್ರೆನೆಡಾದಲ್ಲಿದೆ. ಅಲ್ಲಿನ ಆಸ್ಪತ್ರೆಯವರನ್ನು ಕಾಡಿ ಬೇಡಿ ಕಾರ್ಲೀನ್ ಯಂತ್ರದ ಒಂದು ಕುರ್ಚಿ ಗಿಟ್ಟಿಸಿದ್ದಳು. ಶನಿವಾರ ಅಲ್ಲಿ ಕೂತೆದ್ದು ದೋಣಿ ಹತ್ತುವುದು, ಭಾನುವಾರ ಅಮ್ಮನ ಗೋರಿಗೆ ಕಲ್ಲು ನಿಲ್ಲಿಸುವುದು, ಸೋಮವಾರ ಬೆಳಗಿನ ದೋಣಿಗೆ ಮತ್ತೆ ಆಸ್ಪತ್ರೆಗೆ.

"ದೋಣಿ ಹತ್ತಿಸೋದು ನಿಮ್ಮ ಜವಾಬ್ದಾರಿ ಚಿಕ್ಕಮ್ಮ," ಎಂದಿದ್ದಳು ಕಾರ್ಲೀನ್. ಅವಳಿಗೆ ಕೆಲಸದಿಂದ ರಜೆ ಸಿಕ್ಕಿರಲಿಲ್ಲ.

ಭಾನುವಾರ ಬಿಸಿಲೇರುವ ಹೊತ್ತಿಗೆ ಅಂಗಳ ತುಂಬಿತು. ಗೋರಿಗೆ ಕಲ್ಲು ನಿಲ್ಲಿಸುವವರೆಗೆ ಸತ್ತವರಿಗೆ ನಿದ್ದೆಯಿಲ್ಲ, ಹಿರಿಮಗಳು ಬಾರದೆ ಕಲ್ಲು ಏಳುವಂತಿಲ್ಲ. ಹಾಗಾಗಿ ಅಮ್ಮ ಇಷ್ಟು ವರ್ಷ ಕಾದಿದ್ದಳು. ಬಿಳಿ ಬಟ್ಟೆ ಹೊದಿಸಿದ ಕಲ್ಲಿಗೆ ಐಡೋರಾ ನೀರು ಚಿಮುಕಿಸಿದಳು, ರಮ್ ಚಿಮುಕಿಸಿದಳು. ಡೋಲುಗಳು ಮೊಳಗಿದವು. ಕಡಾಯಿಗಳಲ್ಲಿ ಆಡಿನ ಮಾಂಸ, ತೊಗರಿಕಾಳು, ಮರದ ಕೋಲಿನಿಂದ ತೊಳಸಿದ ಮೆಕ್ಕೆಜೋಳದ ಮುದ್ದೆ. ಒಳಕೋಣೆಯ ಮೇಜಿನ ಮೇಲೆ ಹಿರಿಯರಿಗೆ ಎಡೆ ಇಟ್ಟಿದ್ದರು. ಹಿರಿಯರ ಎಡೆಗೆ ಉಪ್ಪು ಹಾಕುವುದಿಲ್ಲ.

ನಾರ್ಲಿನಾ ಅಕ್ಕನಿಗೆಂದು ಬೇರೆಯಾಗಿ ಬೇಯಿಸಿದ ತಟ್ಟೆ ತಂದುಕೊಟ್ಟಾಗ ಐಡೋರಾ ಆ ಮೇಜನ್ನೇ ನೋಡುತ್ತ ಕೂತಿದ್ದಳು.

"ಅವರದ್ದೂ ಸಪ್ಪೆ, ನನ್ನದೂ ಸಪ್ಪೆ," ಎಂದಳು. "ನಾನು ಅವರ ಪಂಕ್ತೀಲೇ ಕೂತ್ಕೋಬಹುದು ಕಣೇ."

"ಬಾಯಿ ಮುಚ್ಕೊಂಡು ಊಟ ಮಾಡು," ಎಂದು ನಾರ್ಲಿನಾ ನೀರಿನ ಲೋಟವನ್ನು ಅರ್ಧ ಖಾಲಿ ಮಾಡಿ ಅವಳ ಮುಂದಿಟ್ಟಳು.

ಸೋಮವಾರ ಅವಳು ಎದ್ದಾಗ ಅಕ್ಕನ ಹಾಸಿಗೆ ಖಾಲಿಯಿತ್ತು. ಬೆಳಕು ಹರಿದಿತ್ತು. ಹಿತ್ತಿಲಿನಲ್ಲಿ, ಅಮ್ಮನ ಗೋರಿಯ ಹೊಸ ಕಲ್ಲಿನ ಪಕ್ಕದ ಬೆಂಚಿನ ಮೇಲೆ ಐಡೋರಾ ಎಳನೀರು ಎತ್ತಿ ಕುಡಿಯುತ್ತಿದ್ದಳು. ಚಿಕ್ಕಪ್ಪನ ಮಗ ಫಿಲ್ಬರ್ಟ್ ಮಚ್ಚು ಹಿಡಿದು ನಿಂತಿದ್ದ. ಕಾಲ ಬಳಿ ಖಾಲಿ ಬುರುಡೆಗಳು ಬಿದ್ದಿದ್ದವು.

"ಅಕ್ಕ, ಕೆಳಗಿಡು ಅದನ್ನ."

"ಬಾಯಾರಿತ್ತು."

"ಎಳನೀರು ತಾನೇ," ಎಂದ ಫಿಲ್ಬರ್ಟ್. "ದೇಹಕ್ಕೆ ತಂಪು. ಪಾಪ ಕೇಳಿದ್ಲು, ಕೆತ್ತಿಕೊಟ್ಟೆ."

"ನಿನ್ನ ದೇಹಕ್ಕೆ ತಂಪು. ನೀನು ಮನೆಗೆ ಹೋಗು ಫಿಲ್ಬರ್ಟ್."

ಎಳನೀರಿನ ಲವಣ ಹೊರಗೆ ಹೋಗಬೇಕಾದರೆ ಮೂತ್ರಪಿಂಡ ಬೇಕು. ಅದಿಲ್ಲದವರ ರಕ್ತದಲ್ಲೇ ಅದು ಉಳಿದು ಎದೆಬಡಿತ ತಪ್ಪಿಸುತ್ತದೆ, ಒಮ್ಮೊಮ್ಮೆ ನಿಲ್ಲಿಸಿಯೂ ಬಿಡುತ್ತದೆ. ಇದು ಐಡೋರಾಳಿಗೆ ಗೊತ್ತಿಲ್ಲದ್ದಲ್ಲ. ಫಿಲ್ಬರ್ಟ್ ಬೇಲಿ ದಾಟಿ ಹೋದ.

"ನಾನು ದೋಣಿ ಹತ್ತಲ್ಲ," ಎಂದಳು ಐಡೋರಾ. "ಇಲ್ಲೇ ಇರ್ತೀನಿ. ಎಷ್ಟು ದಿನವೋ ಅಷ್ಟು ದಿನ."

"ಎಷ್ಟು ದಿನ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

"ಗೊತ್ತು. ಅಲ್ಲಿ ಟೊರೊಂಟೊದಲ್ಲಿ ಕಿಟಕಿ ಪಕ್ಕ ನನ್ನ ಕುರ್ಚಿ. ಹೊರಗೆ ಹಿಮ. ಪಕ್ಕದ ಕುರ್ಚೀಲಿ ಒಬ್ಬಳು ಪೋರ್ಚುಗಲ್ಲಿನವಳು ಇದ್ಲು, ಮೊಮ್ಮಕ್ಕಳ ಫೋಟೋ ತೋರಿಸೋಳು. ಒಂದಿನ ಬರಲಿಲ್ಲ. ಮುಂದಿನ ವಾರ ಆ ಕುರ್ಚೀಲಿ ಇನ್ಯಾರೋ. ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ." ಅವಳು ಬುರುಡೆಯನ್ನು ಕೈಯಲ್ಲೇ ತಿರುಗಿಸಿದಳು. "ಸಾಕಾಗಿದೆ ಲೀನಾ. ಇಲ್ಲಿ ನೀನಿದ್ದೀಯಲ್ಲ, ಅಮ್ಮನ್ನ ನೋಡಿಕೊಂಡವಳು."

ನಾರ್ಲಿನಾ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ನಾನಿಲ್ಲ," ಎಂದಳು. ಅವಳ ದನಿ ಏರಲಿಲ್ಲ. "ಅಮ್ಮನ್ನ ತೊಳೆದೆ, ಹೊರಳಿಸಿದೆ, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚಿದೆ. ಅವಳು ನನ್ನ ಹೆಸರು ಮರೆತು ನಿನ್ನ ಹೆಸರು ಹಿಡಿದು ಕರೀತಿದ್ಲು, ಅದಕ್ಕೂ ಓ ಅಂದೆ. ಹಗಲು ಕೇಂದ್ರದಲ್ಲಿ ಊರವರ ಮೈ, ಮನೇಲಿ ಅಮ್ಮನ ಮೈ. ಈಗ ನಿನ್ನದು ತಂದಿದ್ದೀಯ. ಸಾಯೋದಕ್ಕೆ ಊರಿಗೆ ಬರೋರೆಲ್ಲ ನನ್ನ ಕೈಗೇ ಬಂದು ಬೀಳ್ತಾರೆ. ನನ್ನ ಕೈಲಿ ಆಗಲ್ಲ ಅಕ್ಕ. ನಿನ್ನನ್ನ ತೊಳೆಯೋದು ನನ್ನ ಕೈಲಿ ಆಗಲ್ಲ."

ಹೇಳಿದ ಮೇಲೆ ಅವಳಿಗೆ ಹಗುರವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಕಾಲು ನೋಯುತ್ತಿತ್ತು, ಅಷ್ಟೇ.

ಐಡೋರಾ ಬುರುಡೆಯನ್ನು ಕೆಳಗಿಟ್ಟಳು.

"ನಿಂಗೆ ಬೇಡ ಅಂದ್ರೆ ಬೇಡ," ಎಂದಳು ನಾರ್ಲಿನಾ. "ಎಳಕೊಂಡು ಹೋಗೋಕೆ ನೀನೇನು ಆಡು ಕುರಿಯಲ್ಲ. ಆದ್ರೆ ನಿನ್ನ ಮಗಳಿಗೆ ನೀನೇ ಹೇಳು. ನಾನು ಹೇಳಲ್ಲ." ನಂಬರು ಒತ್ತಿ ಫೋನನ್ನು ಅಕ್ಕನ ಮಡಿಲಲ್ಲಿಟ್ಟಳು.

ಅಲ್ಲಿ ಕಾರ್ಲೀನ್ ಮೊದಲ ಸದ್ದಿಗೇ ಎತ್ತಿಕೊಂಡಳು. ಫೋನ್ ಹಿಡಿದೇ ಕೂತಿದ್ದಳೇನೋ.

"ಅಮ್ಮ? ದೋಣಿ ಹತ್ತಿದ್ಯಾ?"

ಐಡೋರಾ ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು.

"ಅಮ್ಮ, ಕೇಳಿಸ್ತಿದೆಯಾ? ಮಾತ್ರೆ ತಗೊಂಡ್ಯಾ? ಸೊಳ್ಳೆ ಕಚ್ಚಿಲ್ಲ ತಾನೇ?"

"ಕಚ್ಚಿಲ್ಲ," ಎಂದಳು ಐಡೋರಾ. ಮುಂಗೈಯಿಂದ ಮೂಗು ಒರೆಸಿಕೊಂಡಳು. "ಹತ್ತುತಾ ಇದ್ದೀನಿ ಕಣಮ್ಮ. ಗಾಳಿ ಜೋರಿದೆ, ಇಡ್ತೀನಿ."

ಎದ್ದು ನಿಂತಾಗ ಅವಳ ಕಾಲಲ್ಲಿ ಬಲವಿರಲಿಲ್ಲ. ಅದು ವಯಸ್ಸಿನ ನಿತ್ರಾಣವಲ್ಲ, ಎಳನೀರಿನದು ಎಂದು ನಾರ್ಲಿನಾಳಿಗೆ ತಿಳಿಯಿತು. ಫಿಲ್ಬರ್ಟನನ್ನು ಕೂಗಿ ಕರೆದಳು. ಅವನ ಗಾಡಿಯಲ್ಲಿ ಹಾಕಿಕೊಂಡು ಕಟ್ಟೆ ಮುಟ್ಟಿದಾಗ ದೋಣಿಯ ಹಗ್ಗ ಬಿಚ್ಚುತ್ತಿದ್ದರು.

"ಬನ್ನಿ, ಬನ್ನಿ ಮಹಾರಾಣಿಯವರೇ," ಎಂದ ದೋಣಿಯಾಳು. "ನಿಮ್ಮ ಪಟ್ಟಾಭಿಷೇಕ ಮುಗಿದಿದ್ರೆ ಹೊರಡೋಣ."

ಅಕ್ಕನನ್ನು ಹತ್ತಿಸಿ ಕೇಂದ್ರಕ್ಕೆ ಹೋಗುವುದೆಂದು ನಾರ್ಲಿನಾ ಅಂದುಕೊಂಡಿದ್ದಳು. ಹತ್ತಿಸುವಾಗ ಮಣಿಕಟ್ಟು ಹಿಡಿದಿದ್ದಳು. ಬೆರಳಡಿಯಲ್ಲಿ ನಾಡಿ ನಡೆಯುತ್ತ ನಡೆಯುತ್ತ ಒಮ್ಮೆ ಎಡವಿತು. ಕೈ ಬಿಡಲಾಗಲಿಲ್ಲ, ತಾನೂ ಹತ್ತಿದಳು. ಕೇಂದ್ರಕ್ಕೂ ಆಸ್ಪತ್ರೆಗೂ ಫೋನ್ ಮಾಡಿದಳು. ಆಸ್ಪತ್ರೆಯವರಿಗೆ ಎಳನೀರಿನ ವಿಷಯ ಹೇಳಿ, ಕುರ್ಚಿ, ಚುಚ್ಚುಮದ್ದು, ಕಟ್ಟೆಗೊಂದು ಗಾಡಿ ಸಿದ್ಧವಿರಲಿ ಎಂದಳು.

ಎರಡು ದ್ವೀಪಗಳ ನಡುವಿನ ನೀರು ಯಾವತ್ತೂ ಒರಟು. ದೋಣಿ ಎದ್ದು ಬಿದ್ದು ಸಾಗಿತು. ಯಾರೋ ಚೀಲದೊಳಕ್ಕೆ ವಾಂತಿ ಮಾಡಿಕೊಂಡರು. ನಾರ್ಲಿನಾ ದಾರಿಯುದ್ದಕ್ಕೂ ಅಕ್ಕನ ಮಣಿಕಟ್ಟಿನ ಮೇಲಿನ ಬೆರಳು ತೆಗೆಯಲಿಲ್ಲ. ನಾಡಿ ಎಡವಿದಾಗಲೆಲ್ಲ ತಾನೂ ಉಸಿರು ಹಿಡಿಯುತ್ತಿದ್ದಳು.

"ನನ್ನ ಮೇಲೆ ಸಿಟ್ಟಾ?" ಎಂದು ಐಡೋರಾ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಸಿಟ್ಟು ಮಾಡೋಕೂ ಶಕ್ತಿ ಬೇಕು."

ಸ್ವಲ್ಪ ಹೊತ್ತಾದ ಮೇಲೆ ಐಡೋರಾ, "ಎಳನೀರು ಮಾತ್ರ ತುಂಬ ರುಚಿಯಾಗಿತ್ತು ಕಣೇ," ಎಂದಳು.

ಆಸ್ಪತ್ರೆಯಲ್ಲಿ ಬಾಗಿಲಲ್ಲೇ ಕಾಯುತ್ತಿದ್ದರು. ಎದೆಗೆ ತಂತಿ ಅಂಟಿಸಿದರು, ಚುಚ್ಚುಮದ್ದು ಕೊಟ್ಟರು, ಕುರ್ಚಿಗೆ ಒರಗಿಸಿ ಕೈಗೆ ಸೂಜಿ ಚುಚ್ಚಿದರು. ಕೆಂಪು ನಳಿಕೆ ತುಂಬಿ ಯಂತ್ರ ತಿರುಗತೊಡಗಿತು. ಪರದೆಯ ಮೇಲಿನ ಗೆರೆ ಬಹಳ ಹೊತ್ತು ಅಡ್ಡಾದಿಡ್ಡಿಯಾಗಿದ್ದು, ಮಧ್ಯಾಹ್ನ ದಾಟುವಾಗ ಸಮವಾಯಿತು. ಅಲ್ಲಿಯವರೆಗೆ ನಿಂತೇ ಇದ್ದ ನಾರ್ಲಿನಾ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಚಪ್ಪಲಿ ಬಿಟ್ಟಳು. ತಲೆಯನ್ನು ಗೋಡೆಗೆ ಕೊಟ್ಟಳು.

ನಿದ್ದೆಯ ಅಂಚಿನಲ್ಲಿ ಆಸ್ಪತ್ರೆಯ ದಾದಿಯೊಬ್ಬಳು ಅವಳ ಹೆಸರು ಹಿಡಿದು ಕೇಳಿದ ಹಾಗಾಯಿತು. ಅಕ್ಕನ ದನಿ, ತಗ್ಗಿಸಿದ್ದು: "ಎಬ್ಬಿಸಬೇಡ ಕಣಮ್ಮ. ಏನಿದ್ರೂ ನನ್ನ ಹತ್ರ ಹೇಳು."

ಆಮೇಲೆ ಮೊಣಕಾಲಿನ ಮೇಲೆ ಏನೋ ಬೆಚ್ಚಗೆ ಬಂದು ಬಿತ್ತು. ಯಂತ್ರಕ್ಕೆ ಕೂತವರಿಗೆ ಹೊದಿಸುವ ಕಂಬಳಿ. ಸೂಜಿಯಿಲ್ಲದ ಕೈಯಿಂದ ಐಡೋರಾ ಅದನ್ನು ತನ್ನ ಮೈಮೇಲಿಂದ ಒಂದೊಂದು ಗೇಣು ಎಳೆದು ಈಚೆಗೆ ತಳ್ಳುತ್ತಿದ್ದಳು. ರಕ್ತ ಹೊರಗೆ ಹೋಗಿ ಬರುವಾಗ ಮೈ ನಡುಗುವಷ್ಟು ಚಳಿಯಾಗುತ್ತದೆ. ಕಂಬಳಿ ರೋಗಿಯ ಮೇಲೇ ಇರಬೇಕು. ಅದನ್ನು ತಿರುಗಿ ಹೊದಿಸಬೇಕೆಂದು ನಾರ್ಲಿನಾಳಿಗೆ ಗೊತ್ತಿತ್ತು. ಅವಳು ಕಣ್ಣು ತೆರೆಯಲಿಲ್ಲ.