ಎಡಗಡಿಯ ಎರಡು ಟೈರು

ಟೈರು ಸವಿಯೋದಂದ್ರ ಏನು ದೊಡ್ಡ ಮಾತ್ರಿ? ಚಪ್ಪಲಿ ಸವಿತದ, ಮನಶ್ಯಾ ಸವಿತಾನ, ಟೈರೂ ಸವಿತದ. ಆದ್ರ ಸವಿಯೋದಕ್ಕೂ ಒಂದು ವ್ಯಾಳ್ಯಾ ಅಂತ ಇರ್ತದಲ್ಲ. ಕಾಂತಾಬಾಯಿ ಕಾರಿನ ಟೈರು ಆ ವ್ಯಾಳ್ಯಾ ಬರೋಕಿಂತ ಭಾಳ ಮೊದಲೇ ಬೋಳಾಗಿ ಕುಂತಿದ್ದವು. ಅದೂ ಎಂಥಾ ವರ್ಷ? ತೊಗರಿ ಹೂವಿನಾಗೇ ಒಣಗಿ, ಔರಾದ ಕಡಿ ಮಂದಿ ಗಂಟುಮೂಟಿ ಕಟ್ಟಿಕೊಂಡು ಹೈದರಾಬಾದಕ್ಕ, ಪುಣಾಕ್ಕ ಹೊಂಟ ವರ್ಷ. ಬರಗಾಲದಾಗ ಅಧಿಕ ಮಾಸ ಅಂತಾರಲ್ಲ, ಹಂಗಾಯ್ತು ಆಕಿ ಪಾಲಿಗಿ.

ಕಾಂತಾಬಾಯಿ ಔರಾದ ಸರಕಾರಿ ದವಾಖಾನಿಯಾಗ ನರ್ಸು. ಮನಿ ಬೀದರದ ಚಿದ್ರಿಯಾಗ. ಗಂಡ ದತ್ತಾತ್ರಿ ಭಾಲ್ಕಿ ಕಾಲೇಜಿನಾಗ ಪಾಠ ಹೇಳಾಂವ, ಮುಂಜಾನಿ ರೈಲಿಗಿ ಹೋಗಿ ಸಂಜಿ ರೈಲಿಗಿ ಬರ್ತಿದ್ದ. ದಿನಾ ಬೀದರದಿಂದ ಔರಾದಕ್ಕ ಬಸ್ಸಿನಾಗ ನಿಂತು ಹೋಗಿ ಬಂದು ಕಾಂತಾಬಾಯಿ ಸೊಂಟ ಬಿದ್ದುಹೋಗಿತ್ತು. ಅದಕ್ಕ ಗಂಡ ಹೆಂಡತಿ ಕೂಡಿ ಈ ಹೈಬ್ರಿಡ್ ಕಾರು ತಂದಿದ್ದರು. ಪೆಟ್ರೋಲೂ ಕುಡಿತದ, ಬ್ಯಾಟರಿ ಮ್ಯಾಲೂ ಓಡ್ತದ. ಮೆಲ್ಲಕ ಹೊಂಟಾಗ ಸಪ್ಪಳಾನೇ ಇಲ್ಲ. ಓಣಿ ಮಂದಿ ಇದಕ್ಕ ಮೂಕಗಾಡಿ ಅಂತ ಹೆಸರಿಟ್ಟಿದ್ದರು.

ಈ ಮೂಕಗಾಡಿ ಹೊಡಿಯಾಂವ ಕಾಂತಾಬಾಯಿಯ ಅಣ್ಣ ಗೋರಖನಾಥ. ಭಾಲ್ಕಿ ತಾಲೂಕಿನ ಹಲಬರ್ಗಾದಾಂವ. ಅಪ್ಪ ಲಗೂನೇ ತೀರಿಕೊಂಡಾಗ ಬೀದರದ ಗಾಂಧಿ ಗಂಜ ಬಾಜಾರದ ಲಾರಿ ಹತ್ತಿ, ತೊಗರಿ ಮೂಟಿ ಹೇರಿಕೊಂಡು ಬೊಂಬಾಯಿ ತನಕ ಹೋಗಿ ಬಂದು, ತಂಗಿಗಿ ನರ್ಸಿಂಗ್ ಓದಿಸಿದಾಂವ. ಊರಾಗ ಯಾರರ ಕಾಂತಾನ ಹೊಗಳಿದ್ರ, 'ನನ್ನ ಸ್ಟೇರಿಂಗ್ ಮ್ಯಾಲ ಓದ್ಯಾಳ್ರಿ' ಅಂತಿದ್ದ. ಹಲಬರ್ಗಾದ ಬಾವಿ ಬತ್ತಿದ ಮ್ಯಾಲ ಅವನ ಮಕ್ಕಳಿಬ್ಬರೂ ಹೈದರಾಬಾದಕ್ಕ ಬಿಲ್ಡಿಂಗ್ ಕೆಲಸಕ್ಕ ಹೋದರು, ಅವರಿಗಿ ರೊಟ್ಟಿ ಬಡಿಲಿಕ್ಕ ಹೆಂಡತೀನೂ ಹೋದಳು. ಇವ ಹೋಗಲಿಲ್ಲ. ಮಕ್ಕಳ ಕೈ ಕೆಳಗ ಇಟ್ಟಂಗಿ ಹೊರೋದು ತನ್ನಿಂದಾಗಲ್ಲ ಅಂದ. ಆವಾಗ ಕಾಂತಾಬಾಯಿ, 'ಅಣ್ಣಾ, ನನ್ನ ಗಾಡಿ ನಡಸು ಬಾ, ನನಗ ಬ್ಯಾರೇಯವರ ಮ್ಯಾಲ ಇಶ್ವಾಸಿಲ್ಲ' ಅಂತ ಕರದಳು. ತಂಗಿ ಮನಿಯಾಗ ಕುಂತು ಉಣ್ಣೋದು ಬ್ಯಾರೆ, ಸ್ಟೇರಿಂಗ್ ಹಿಡದು ಉಣ್ಣೋದು ಬ್ಯಾರೆ. ಅದು ಅವನಿಗೂ ಗೊತ್ತಿತ್ತು, ಆಕಿಗೂ ಗೊತ್ತಿತ್ತು.

ಅವರ ಕೂಡ ದಿನಾ ವಜೀರಬೀ ಬರ್ತಿದ್ದಳು. ಔರಾದ ಉರ್ದು ಸಾಲಿ ಮಾಸ್ತರಣಿ, ಬಾಯಿ ಅಂದ್ರ ಬಾಯಿ. ಇಬ್ಬರೂ ಹೆಂಗಸರು ಹಿಂದ ಕೂಡೋರು. ಮುಂದಿನ ಸೀಟಿನ ಮ್ಯಾಲ ಬುತ್ತಿ ಚೀಲ ಕೂಡ್ತಿತ್ತು. ಹೋಗುವಾಗ ವಜೀರಬೀ ಮಾತಾಡ್ತಿದ್ದಳು, ಬರುವಾಗ ಇಬ್ಬರೂ ತೂಕಡಿಸ್ತಿದ್ದರು.

ಟೈರಿನ ಸುದ್ದಿ ಮೊದಲ ತಗದಾಂವ ದತ್ತಾತ್ರಿ. ಒಂದು ಐತವಾರ, ಗಾಡಿ ತೊಳಿಲಿಕ್ಕ ನೀರೆಲ್ಲಿಂದ ತರಬೇಕು, ಹಸಿ ಅರಬಿ ಹಿಡದು ಒರಸ್ಲಾಕತ್ತಿದ್ದ. ಎಡಗಡಿ ಟೈರಿನ ಮ್ಯಾಲ ಕೈ ಆಡಿಸಿ ಹಂಗೇ ನಿಂತ. "ಕಾಂತಾ, ಇಲ್ಲಿ ಬಾ. ಬ್ಯಾಟರಿ ಗಾಡಿ ಭಾರ ಇರ್ತದ, ಟೈರು ಲಗೂ ತಿಂತದ ಅಂತ ಶೋರೂಮಿನವ್ರು ಹೇಳಿದ್ದು ಖರೇ. ಆದ್ರ ಇಷ್ಟು ಲಗೂ?"

ಮರುದಿನ ಅಣ್ಣ ತಂಗಿ ಗಾಂಧಿ ಗಂಜದ ಬಾಜೂಕ ಮುನೀರೋದ್ದೀನನ ಟೈರಿನ ಅಂಗಡಿಗಿ ಹೋದರು. ಅಂವ ಗಾಳಿ ಅಳದು ಹುಬ್ಬೇರಿಸಿದ.

"ಗಾಳಿ ಇಷ್ಟು ಕಮ್ಮಿ ಯಾರು ಬಿಟ್ಟಾರ್ರಿ?"

"ನಾನೇ ಬಿಟ್ಟೀನಿ," ಅಂದ ಗೋರಖನಾಥ, ಎದಿ ಮುಂದ ಮಾಡಿ. "ಬ್ಯಾಸಗ್ಯಾಗ ಗಾಳಿ ಉಬ್ಬತದ. ಮೊದಲೇ ಕಮ್ಮಿ ಮಾಡಿ ಇಡಬೇಕು. ಲಾರಿಗಿ ಇಡೀ ಜಿಂದಗಿ ಹಂಗೇ ಮಾಡೀನಿ."

ಲಾರಿ ಮಂದಿ ಎಲ್ಲರೂ ಹಂಗೇ ಮಾಡ್ತಿದ್ದರು, ಅದರಾಗ ಸುಳ್ಳೇನಿಲ್ಲ. ಹೋಳಿ ಹುಣಿವಿ ಆತಂದ್ರ ಗಂಜದಾಗ ಸಾಲಾಗಿ ಲಾರಿ ನಿಂದ್ರಿಸಿ ಸುಸ್ ಅಂತ ಗಾಳಿ ಬಿಡೋರು. ಮುನೀರೋದ್ದೀನ ನಕ್ಕು, "ಭಾಯಿ, ಆ ಜಮಾನಾ ಹೋಯ್ತು. ಗಾಳಿ ಕಮ್ಮಿ ಆದ್ರ ಟೈರು ಅಂಚಿನ ಮ್ಯಾಲ ಓಡ್ತದ, ಅಂಚು ತಿಂತದ. ಈ ಗಾಡಿಗಿ ಬಾಗಲದ ಮ್ಯಾಲಿನ ಚೀಟಿಯಾಗ ಬರದಿದ್ದಷ್ಟೇ ಗಾಳಿ, ಬಿಸಲಿರಲಿ, ಥಂಡಿ ಇರಲಿ," ಅಂದ. ಎಡಗಡಿ ಎರಡೂ ಕೆಲಸಕ್ಕ ಬರಲ್ಲ ಅಂತ ಹೊಸಾವು ಹಾಕಿ, ಗಾಲಿ ಸೊಟ್ಟ ಆಗಿದ್ದೀತು ಅಂತ ಅಲೈನ್‌ಮೆಂಟೂ ಮಾಡಿ ಕಳಿಸಿದ. ತಂಗಿ ಎದುರಿಗೆ ತಪ್ಪಾಯ್ತಲ್ಲ ಅಂತ ದಾರಿಯುದ್ದಕ್ಕೂ ಗೋರಖನಾಥನ ಮಾರಿ ಸಣ್ಣದಾಗಿತ್ತು. ಕಾಂತಾಬಾಯಿಗೂ ಕೆಟ್ಟನಸ್ತು.

ಮುಗೀತು ಅಂದ್ಕೊಂಡ್ರ ಎಲ್ಲಿ ಮುಗೀತು? ಉಗಾದಿ ಹೋಗಿ ಬಿಸಲು ಏರೋದ್ರಾಗ ಹೊಸ ಟೈರಿನ ಅಂಚೂ ತಿಂದಿತ್ತು. ಅದೂ ಎಡಗಡೀವೇ. ಬಾಜೂಕೆಲ್ಲಾ ಕಲ್ಲು ತರಚಿದ ಗೀರು. ಬಲಗಡೀವು ಹಂಗೇ ಗಟ್ಟಿಮುಟ್ಟ. ಗಾಳಿ ಬರೋಬರಿತ್ತು. ಮತ್ತ ಅಲೈನ್‌ಮೆಂಟ್ ಮಾಡಿಸಿದರು. ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದಂಗ ಆ ಗಾಲೀನ ತಿರುವಿದ್ದೇ ತಿರುವಿದ್ದು. ವಜೀರಬೀ ಅಂತೂ, "ನಿಮ್ಮ ಗಾಡಿಗಿ ಎಡಗಾಲು ಸಂದುನೋವು ಅದ ಬೆಹೆನ್, ನಿಮ್ಮ ದವಾಖಾನಿಯಾಗೇ ತೋರಸ್ರಿ," ಅಂತ ಚಾಷ್ಟಿ ಮಾಡಿದಳು.

ದತ್ತಾತ್ರಿ ಚಾಷ್ಟಿ ಮಾಡಲಿಲ್ಲ. ಉಣ್ಣುವಾಗ ಮೆಲ್ಲಕ, "ನಿಮ್ಮಣ್ಣ ಹ್ಯಾಂಗ ಹೊಡಿತಾನ, ಒಂದಿನ ಎಚ್ಚರಿದ್ದು ನೋಡು," ಅಂದ. ಕಾಂತಾಬಾಯಿಗಿ ಮೈಯೆಲ್ಲಾ ಉರೀತು. "ನನ್ನಣ್ಣಗ ನೀವು ಗಾಡಿ ಹೊಡಿಯೋದು ಕಲಸ್ತೀರೇನು?" ಅಂದು ತಾಟು ಎತ್ತಿಕೊಂಡು ಎದ್ದಳು.

ಎದ್ದಳೇನೋ ಖರೇ, ಮಾತು ತಲಿಯಾಗ ಕುಂತುಬಿಡ್ತು. ಮರುದಿನ ಸಂಜಿ ವಾಪಸ್ ಬರುವಾಗ ಆಕಿ ಮಲಗಲಿಲ್ಲ. ಕಣ್ಣು ಎಳಿಲಾಕತ್ತಿದ್ದವು, ಆ ದಿನ ವಾರ್ಡಿನಾಗ ವಾಂತಿ ಭೇದಿ ಕೇಸು ಒಂದರ ಮ್ಯಾಲೊಂದು ಬಂದು ಕಾಲು ಬಾತಿದ್ದವು, ಆದ್ರೂ ಮುಂದ ನೋಡಕೋತ ಕುಂತಳು. ಸಂತಪುರ ದಾಟಿದ ಮ್ಯಾಲ ಎದುರಿಗೆ ಒಂದು ಲಾರಿ ಬಂತು. ಲಾರಿ ಇನ್ನೂ ಎಷ್ಟೋ ದೂರ ಇರೋದ್ರಾಗೇ ಗೋರಖನಾಥ ಗಾಡಿ ಎಡಕ್ಕ ಎಳದ. ಎಡಗಾಲಿ ಎರಡೂ ಡಾಂಬರು ಬಿಟ್ಟು ಮುರುಮಿನಾಗ ಇಳದವು. ಕೆಳಗ ಕಲ್ಲು ಟಕಟಕ ಬಡದವು. ಲಾರಿ ಹೋಯ್ತು. ಗಾಡಿ ಮಾತ್ರ ಮ್ಯಾಲ ಬರಲಿಲ್ಲ, ಎಷ್ಟೋ ದೂರ ಹಂಗೇ ಅಂಚು ಹಿಡದೇ ಹೋಯ್ತು. ಈ ಟಕಟಕ ಆಕಿ ದಿನಾ ನಿದ್ದಿಗಣ್ಣಾಗ ಕೇಳ್ತಿದ್ದಳು. ರಸ್ತೇನೇ ಖರಾಬದ ಅಂದ್ಕೊಂಡಿದ್ದಳು.

"ಯಾಕಣ್ಣಾ ಇಷ್ಟು ಕೆಳಗ?"

"ಲಾರಿ ಬರ್ಲಾಕತ್ತದಲ್ಲ."

"ಅದು ಆಗಲೇ ಹೋಯ್ತು."

ಅವ ಗಾಡಿ ಮ್ಯಾಲ ತಗೊಂಡ.

ಮನಿಗಿ ಬಂದು ಚಹಾ ಮಾಡಿ, ಕಪ್ಪು ಹಿಡದು ಅವನ ಬಲಗಡಿ ಹೋಗಿ ನಿಂತಳು. ಅಂವ ಎದುರಿನ ಗ್ವಾಡಿ ನೋಡಕೋತ ಕುಂತಿದ್ದ. ಕಪ್ಪು ಅವನ ಕಿವಿ ಹತ್ತಿರ ತಂದಳು. ತಿರುಗಲಿಲ್ಲ. ಮೆಲ್ಲಕ ಮುಂದ ಮುಂದ ತಂದಳು. ಹೆಚ್ಚುಕಮ್ಮಿ ಮೂಗಿನ ಎದುರಿಗೆ ಬಂದಾಗ ಅಂವ ಬೆಚ್ಚಿ, "ಯಾವಾಗ ಬಂದಿ?" ಅಂದ.

ಕಣ್ಣಿನ ಒಳಗ ಒತ್ತಡ ಏರಿ ಬಾಜೂವಿನ ನೋಟ ತಿಂದುಕೋತ ಬರೋ ರೋಗ ಅದ. ನೋವಿಲ್ಲ, ನೀರಿಲ್ಲ, ಕೆಂಪಿಲ್ಲ. ಬಲಗಡಿ ದಾಟೋ ಲಾರಿ ಅಣ್ಣಗ ಕಾಣಸ್ತಿಲ್ಲ, ಅದಕ್ಕೇ ಅಂಜಿ ಎಡಕ್ಕ ಮುರುಮಿನಾಗ ಇಳಸ್ತಾನ. ಎಷ್ಟು ಮಂದಿ ಮುದುಕರಿಗಿ ಆಕಿ ಇದನ್ನ ಬಾಯಿಪಾಠ ಹೇಳ್ಯಾಳ, ಲಗೂ ತೋರಸ್ರಿ, ಹೋದ ನೋಟ ತಿರುಗಿ ಬರಲ್ಲ ಅಂತ. ದೀಪದ ಬುಡಕ್ಕೇ ಕತ್ತಲಿ. ಅಡಗಿ ಮನಿಗಿ ಹೋಗಿ ನಳದ ಬುಡಕ ಕೊಡ ಇಟ್ಟಳು. ನಳದಾಗ ನೀರಿರಲಿಲ್ಲ. ಸುಮ್ಮನ ಅಲ್ಲೇ ನಿಂತು ಅತ್ತಳು.

ಹೇಳಬೇಕಿತ್ತು. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಊರು ಹೋಯ್ತು, ಹೆಂಡತಿ ಮಕ್ಕಳು ದೂರಾದರು, ಉಳದದ್ದು ಅದೊಂದು ಸೀಟು. ಅದನ್ನ ಯಾವ ಬಾಯಲಿ ಕಸಗೋಬೇಕು? ನಾಳಿ ಹೇಳ್ತೇನಿ ಅಂತ ಮಲಗೋದು, ಮುಂಜಾನಿ ಅಂವ ಕನ್ನಡಿ ಒರಸಿ, ಬಾಗಲ ತಗದು, 'ಕೂಡ್ರವಾ' ಅಂದಕೂಡ್ಲೇ ಬಾಯಿ ಕಟ್ಟೋದು. ಹಿಂದ ಕುಂತು ಎದಿ ಕೈಯಾಗ ಹಿಡಕೊಂಡು ಹೋಗೋದು. ಪಾಪ, ವಜೀರಬೀಗಿ ಇದ್ಯಾವುದೂ ಗೊತ್ತಿಲ್ಲ. ಆಕೀನೂ ಅದೇ ಗಾಡಿಯಾಗ. ಎಂಥಾ ಬುದ್ಧಿ ಇದು ಅಂತ ಕಾಂತಾಬಾಯಿ ತನಗ ತಾನೇ ಬೈಕೊಂಡಳು. ಬೈಕೊಂಡು ಮತ್ತೊಂದಿನ ತಳ್ಳಿದಳು.

ಹಂಗೇ ಒಂದು ವಾರ ಹೋಯ್ತು. ಆಮ್ಯಾಲ ಒಂದು ಮುಂಜಾನಿ. ಸಂತಪುರದ ಆಚಿ, ರಸ್ತಿಗಿ ಹತ್ತಿ ಒಂದು ತಾಂಡಾದ ಮಂದಿ ಕುಂತಿದ್ದರು. ಹೈದರಾಬಾದಕ್ಕ ಒಯ್ಯೋ ಗಾಡಿ ದಾರಿ ಕಾಯ್ಲಾಕತ್ತಿದ್ದರು. ಹಾಸಿಗಿ ಸುರಳಿ, ಬುಟ್ಟಿ, ಕೊಡ, ನಡುವ ಕೂಸು. ತಿರುವಿನಾಗ ಗಾಡಿ ಮೆಲ್ಲಕಾಗಿ ಬ್ಯಾಟರಿ ಮ್ಯಾಲ ಹೊಂಟಿತ್ತು, ಸಪ್ಪಳಿಲ್ಲ. ಎದುರಿಗೆ ಮರಳಿನ ಟಿಪ್ಪರು ಬಂತು. ಗೋರಖನಾಥಗ ಅದು ಕಂಡಾಗ ಬಾಜೂಕೇ ಬಂದುಬಿಟ್ಟಿತ್ತು. ಬೆಚ್ಚಿ ಬಿದ್ದು ಎಡಕ್ಕ ಎಳದ.

"ಅಣ್ಣಾ, ಮಂದಿ ಅದಾರ," ಅಂದಳು ಕಾಂತಾಬಾಯಿ.

ಬ್ರೇಕು ಬಿತ್ತು. ಕೆಳಗ ಏನೋ ನಜ್ಜಿದ ಸಪ್ಪಳಾಯ್ತು. ಬಾಗಲ ತಗದು ಇಳದು ನೋಡಿದ್ರ ಒಂದು ಪ್ಲಾಸ್ಟಿಕ್ ಕೊಡ ಎಡಗಾಲಿ ಬುಡಕ ಚಪ್ಪಟ್ಯಾಗಿತ್ತು. ಅದರ ಆಚಿ, ಕೈ ಚಾಚಿದ್ರ ಸಿಗೋವಷ್ಟು ಹತ್ತಿರ, ಒಬ್ಬ ಮುದುಕಿ ಕುಂತಿದ್ದಳು. ಕಾಲು ಹಿಂದ ಎಳಕೊಳ್ಳಲಿಕ್ಕೂ ಆಕಿಗಿ ಹೊತ್ತು ಸಿಕ್ಕಿರಲಿಲ್ಲ.

ಮಂದಿ ಬೈತಾರ, ಬಡೀತಾರ ಅಂದ್ಕೊಂಡಿದ್ದಳು ಕಾಂತಾಬಾಯಿ. ಯಾರೂ ಎದ್ದು ಬರಲಿಲ್ಲ. ಬೈಲಿಕ್ಕೂ ತ್ರಾಣ ಬೇಕಲ್ಲ. ಮುದುಕಿ ಮುರುಮಿನಾಗ ಇಂಗಿ ಹೋಗೋ ನೀರನ್ನ ನೋಡಕೋತ, "ಗಾಡಿ ಬಂದದ್ದೇ ಕೇಳಲಿಲ್ಲವಾ," ಅಂದಳು. "ಕೊಡ ಹೋದ್ರ ಹೋಗ್ಲಿ. ತುಂಬಿತ್ತು ಅದು. ಹೈದರಾಬಾದ ತನಕ ಇದೇ ನೀರು."

ವಜೀರಬೀ ತನ್ನ ಬಾಟ್ಲಿ ಕೊಟ್ಟಳು. ಕಾಂತಾಬಾಯಿ ಡಿಕ್ಕಿಯಾಗಿಂದ ದವಾಖಾನಿಗಿ ಅಂತ ಒಯ್ಯೋ ನೀರಿನ ಕ್ಯಾನು ಇಳಿಸಿ ಕೊಟ್ಟಳು. ಮುದುಕಿಯ ಕೈಕಾಲು ಮುಟ್ಟಿ ನೋಡಿದಳು. ಗಾಯ ಇರಲಿಲ್ಲ. ಆಮ್ಯಾಲ ಬಂದು ಅಣ್ಣನ ಬಾಗಲ ತಗದಳು. ಅಂವ ಎರಡೂ ಕೈ ಸ್ಟೇರಿಂಗ್ ಮ್ಯಾಲ ಇಟ್ಟು ಹಂಗೇ ಕುಂತಿದ್ದ.

"ಬಲಗಡಿ ಯಾವಾಗಿಂದ ಕಾಣಸ್ತಿಲ್ಲಣ್ಣಾ?"

"ಹ್ವಾದ ವರ್ಷ ತೊಗರಿ ರಾಶಿ ದಿನದಾಗಿಂದ."

"ನನಗ ಯಾಕ ಹೇಳಲಿಲ್ಲ?"

"ನೀ ನರ್ಸ್ ಇದ್ದಿ. ದಿನಾ ಎದುರಿಗೆ ಇರ್ತೇನಿ. ಕೆಟ್ಟಿದ್ರ ನಿನಗ ತಿಳೀತದ ಅಂದ್ಕೊಂಡೆ. ನೀ ಏನೂ ಅನಲಿಲ್ಲ. ಅಂದ್ರ ಇನ್ನೂ ಅಷ್ಟು ಕೆಟ್ಟಿಲ್ಲ ಅಂತ ಧೈರ್ಯ ಮಾಡ್ಕೊಂಡು ಹೊಡದೆ."

ಕಾಂತಾಬಾಯಿ ಬಾಗಲ ಹಿಡಕೊಂಡಳು. "ನನಗ ಗೊತ್ತಾಗಿ ವಾರ ಆಯ್ತು," ಅಂದಳು. "ಹೇಳಲಿಕ್ಕ ಆಗಲಿಲ್ಲ. ಹೊಟ್ಟಿಯಾಗ ಹಾಕ್ಕೊ."

ಅಂವ ತಂಗಿ ಮಾರಿ ನೋಡಿದ. ಸಿಟ್ಟು ಮಾಡ್ತಾನೇನೋ ಅಂದ್ಕೊಂಡಳು. ಸಿಟ್ಟು ಇರಲಿಲ್ಲ, ಭಾಳ ದಿನ ಹೊತ್ತ ಮೂಟಿ ಇಳಿಸಿದ ಹಮಾಲನಂಗ ಭುಜ ಎರಡೂ ಕೆಳಗ ಬಿದ್ದಿದ್ದವು. "ಇಬ್ಬರೂ ಕೂಡಿ ಆ ಮುದುಕಿ ಜೀವ ತಗೀತಿದ್ದೆವು," ಅಂದು ಕೆಳಗಿಳದ.

"ಇವತ್ತು ಸಂಜಿಗೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗೋಣು. ಉಳದಷ್ಟು ನೋಟಾದ್ರೂ ಉಳಿಸ್ತಾರ."

"ಹೋಗೋಣು. ಮೊದಲ ನಿನ್ನ ಡ್ಯೂಟಿ. ಹತ್ತು, ನೀನೇ ಹೊಡಿ."

ಆಕಿ ಹತ್ರ ಲೈಸೆನ್ಸ್ ಇತ್ತು. ದತ್ತಾತ್ರಿ ಹಟ ಹಿಡದು ಮಾಡಿಸಿದ್ದ. ಆದ್ರ ಅಣ್ಣ ಇರೋವಾಗ ತಾನು ಆ ಸೀಟಿನ ಮ್ಯಾಲ ಕೂಡೋದು ಛಂದಲ್ಲ ಅಂತ ಖಾಲಿ ಮೈದಾನ ಬಿಟ್ಟು ಎಲ್ಲೂ ಹೊಡದಿರಲಿಲ್ಲ. ಈಗ ಕುಂತಳು. ಸೀಟು ಇನ್ನೂ ಬೆಚ್ಚಗಿತ್ತು. ಗೋರಖನಾಥ ಬಾನೆಟ್ ಮ್ಯಾಲ ಕೈ ಇಟ್ಟುಕೋತ ಸುತ್ತು ಹೊಡದು ಎಡಗಡಿ ಬಂದು, ಬುತ್ತಿ ಚೀಲ ಎತ್ತಿ ತೊಡಿ ಮ್ಯಾಲ ಇಟ್ಟುಕೊಂಡು ಕುಂತ. ವಜೀರಬೀ ಹಿಂದ ಒಬ್ಬಾಕೀನೇ ಕುಂತಳು.

ಗಾಡಿ ಸಪ್ಪಳಿಲ್ಲದೇ ಹೊಂಟಿತು. ಮುಂದ ರಸ್ತಿ ಉದ್ದಕ್ಕೂ ಅಲ್ಲಲ್ಲಿ ಮಂದಿ ಗಂಟು ಇಟ್ಟುಕೊಂಡು ಕುಂತಿದ್ದರು. ಎದುರಿಗೆ ಒಂದು ಲಾರಿ ಬಂತು. ಕಾಂತಾಬಾಯಿ ತನಗ ತಿಳೀದಂಗೇ ಸ್ಟೇರಿಂಗ್ ಎಡಕ್ಕ ತಿರುವಿದಳು. ಗೋರಖನಾಥ ಕೈ ಚಾಚಿ ಸ್ಟೇರಿಂಗ್ ಹಿಡದ.

"ಎಡಕ್ಕ ಬ್ಯಾಡ. ಎಡಕ್ಕ ಮಂದಿ ಕುಂತಾರ. ಲಾರಿ ಎಷ್ಟು ದೂರ ಅದ?"

"ಇನ್ನೂ ಆ ಬೇವಿನ ಗಿಡದ ಹತ್ರ ಅದಣ್ಣಾ."

"ನಿನಗ ಕಾಣಸ್ತದಲ್ಲ. ಹಂಗಾರ ಡಾಂಬರಿನ ಮ್ಯಾಲೇ ಇರು," ಅಂದು ಅಂವ ಸ್ಟೇರಿಂಗ್ ಬಿಟ್ಟು, ಕೈ ಬುತ್ತಿ ಚೀಲದ ಮ್ಯಾಲ ಇಟ್ಟುಕೊಂಡ.