ಪಿನಾಂಗಿನಲ್ಲಿ ಕರೆದ ಹೆಸರು

"ಇದು ನಂಗೆ ಓದಾಕ್ ಆಗಲ್ಲಮ್ಮ," ಎಂದ ಕಾಫಿ ಅಂಗಡಿಯ ಮುದುಕ. ಚೀಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಸಣ್ಣಕ್ಕನ ಕೈಗೇ ವಾಪಸು ಕೊಟ್ಟ. "ಹೊಸೂರು ಕಡೆಯವನು ನಾನು. ಕನ್ನಡ ಮಾತು ಬತ್ತದೆ, ಅಕ್ಷರ ಬರಲ್ಲ. ಈ ಊರಲ್ಲಿ ಯಾರ್ಗೂ ಬರಲ್ಲ."

ಸಣ್ಣಕ್ಕನಿಗೆ ಕಾಲ ಕೆಳಗಿನ ನೆಲ ಇನ್ನೂ ತೂಗುತ್ತಲೇ ಇತ್ತು. ಮದರಾಸಿನಿಂದ ಸಿಂಗಾಪುರಕ್ಕೆ ಹೋಗುವ ಹಡಗು ಪಿನಾಂಗಿನಲ್ಲಿ ನಿಲ್ಲುವುದು ನಾಲ್ಕೇ ಗಂಟೆ ಹೊತ್ತು. ಅದರಲ್ಲಿ ಹೆಚ್ಚುಕಡಿಮೆ ಮೂರು ಆಗಲೇ ಕಳೆದಿದ್ದವು. ಅರಕಲಗೂಡಿನ ನೀಲಾಂಬಿಕೆಯವರು ಸಿಂಗಾಪುರದಲ್ಲಿ ಜವಳಿ ಅಂಗಡಿಯಿಟ್ಟಿದ್ದ ಗಂಡನ ಬಳಿಗೆ ಹೊರಟಾಗ, ಕೂಸನ್ನು ನೋಡಿಕೊಳ್ಳಲು ಇವಳೂ ಜೊತೆಗೆ ಬಂದಿದ್ದಳು. ಹಡಗಿನ ಓಲಾಟಕ್ಕೆ ಸುಸ್ತಾಗಿ ಮಲಗಿದ್ದ ಆ ತಾಯಿ, "ಹೋಗ್ ಬಾ ಸಣ್ಣಕ್ಕ, ಮೂರೂವರೆಗೆಲ್ಲ ಬಂದ್ಬಿಡು. ಚೀಟಿ ಇದೆಯಲ್ಲ, ಯಾರಿಗಾದ್ರೂ ತೋರ್ಸು," ಎಂದು ಕಳಿಸಿದ್ದರು.

ಚೀಟಿ ಬರೆದುಕೊಟ್ಟವರು ಹರದನಹಳ್ಳಿಯ ನಂಜಯ್ಯ ಮೇಷ್ಟ್ರು. ಅವಳ ಗಂಡನ ಹೆಸರು, ಅವನಪ್ಪನ ಹೆಸರು, ಊರು, ತಾಲ್ಲೂಕು, ಎಲ್ಲವೂ ದುಂಡನೆಯ ಕನ್ನಡದಲ್ಲಿ. ಹೊಳೆನರಸೀಪುರದ ಕಚೇರಿಯಲ್ಲಿ ನಡೆಯುವ ಕಾಗದ ಸಮುದ್ರದಾಚೆ ನಡೆಯಲಾರದೆಂದು ಬರೆದವರಿಗೂ ಹೊಳೆಯಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡವಳಿಗೂ ಹೊಳೆಯಲಿಲ್ಲ. ಬಂದರಿನ ಪೊಲೀಸಿನವನು ತಲೆಯಾಡಿಸಿದ್ದ, ರಿಕ್ಷಾದವನು ನಕ್ಕಿದ್ದ. "ಮೈಸೂರು, ಮೈಸೂರು" ಎಂದು ಅವಳು ಎದೆ ಮುಟ್ಟಿ ತೋರಿಸಿದಾಗ ಪೋಸ್ಟಾಫೀಸಿನ ಗುಮಾಸ್ತನೊಬ್ಬ ಈ ಅಂಗಡಿಯ ಕಡೆಗೆ ಬೆರಳು ಮಾಡಿದ್ದ.

ಸಕಲೇಶಪುರದ ಕಾಫಿ ತೋಟದಲ್ಲಿ ದೊರೆಯ ಕುದುರೆ ನೋಡಿಕೊಳ್ಳುತ್ತಿದ್ದ ಅವಳ ಗಂಡ, ದೊರೆ ಇಲ್ಲಿಯ ರಬ್ಬರ್ ತೋಟಕ್ಕೆ ಬಂದಾಗ ಹಿಂದೆಯೇ ಬಂದಿದ್ದ. ಪಿನಾಂಗಿನಿಂದ ಒಂದು ಕಾಗದ ಬಂತು. ಆಮೇಲೆ ಯುದ್ಧ ಬಂತು. ಹದಿನೈದು ವರ್ಷವಾಯಿತು. ಕಳೆದ ಮಾರ್ನವಮಿಯಿಂದ ಮೈದುನ ಮಂಚಯ್ಯ ಒಂದೇ ರಾಗ ಹಿಡಿದಿದ್ದ: "ಹುಲ್ಲಿನ ಬೊಂಬೆ ಮಾಡಿ ಸುಟ್ಟು ಕಾರ್ಯ ಮುಗ್ಸಾನ ಅತ್ತಿಗೆ. ಅಣ್ಣನ ಜೀವ ಎಲ್ಲಿ ಅಲೀತಾ ಅದೋ. ನೀನೂ ಕುಂಕ್ಮ ಅಳಿಸ್ಕಂಡು ಒಂದ್ಕಡೆ ಕುಂತ್ಕೊ." ಅವಳು ಒಂದೇ ಮಾತು ಕೇಳಿಕೊಂಡಿದ್ದಳು: "ಆ ಊರ್ಗೇ ಓಯ್ತಾ ಇವ್ನಿ. ನನ್ನ ಕಾಗ್ದ ಬರೋಗಂಟ ಬೊಂಬೆ ಕಟ್ಬ್ಯಾಡ."

"ಎಸ್ರು ಯೇಳಮ್ಮ," ಎಂದ ಮುದುಕ. "ಚೀಟಿ ಯಾಕೆ, ಬಾಯಲ್ಲೇ ಯೇಳು."

"ಎಂಗ್ ಏಳ್ಲಿ ಯಜಮಾನ್ರೇ. ನಮ್ಮೋರ ಎಸ್ರು."

ಹೆಸರು ಹಿಡಿದರೆ ಗಂಡನ ಆಯಸ್ಸು ಸವೆಯುತ್ತದೆಂದು ಅತ್ತೆ ಮೊದಲ ದಿನವೇ ಹೇಳಿದ್ದಳು. ಊರಿನಲ್ಲಾದರೆ ಪಕ್ಕದಲ್ಲಿದ್ದ ಯಾರಾದರೂ ಅವಳ ಪರವಾಗಿ ಹೇಳಿಬಿಡುತ್ತಿದ್ದರು.

"ಚುಂಚನಗಿರಿ ಸ್ವಾಮಿ ಎಸ್ರೇ," ಎಂದಳು. "ಆ ಸ್ವಾಮಿ ಪಕ್ದಲ್ಲಿ ನಾಯಿ ಇರ್ತದಲ್ಲ."

"ಇಲ್ಲಿ ಸ್ವಾಮಿಗಳೂ ಜಾಸ್ತಿ, ನಾಯಿಗಳೂ ಜಾಸ್ತಿ ಕಣಮ್ಮ. ನಿನ್ ಗಂಡನ್ನ ಯಾವುದ್ರಲ್ಲಿ ಹುಡುಕ್ಲಿ?"

ಕಾಫಿ ಕುಡಿಯುತ್ತಿದ್ದವರು ನಕ್ಕರು. ಗೋಡೆಯ ಗಡಿಯಾರ ಮೂರಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ಸಣ್ಣಕ್ಕ ಗೋಡೆಯ ಕಡೆಗೆ ತಿರುಗಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಬೈರಯ್ಯ."

ಯಾರೋ ಬೇರೆಯವಳು ಹೇಳಿದಂತಿತ್ತು. ಮುದುಕ ಅದನ್ನೇ ಒಳಗಿನ ಕಡೆಗೆ ಗಟ್ಟಿಯಾಗಿ ಕೂಗಿದ. ಅಡುಗೆಯವನು ಕೈ ಒರೆಸಿಕೊಳ್ಳುತ್ತ ಬಂದ. ಇಬ್ಬರೂ ತಮಿಳಿನಲ್ಲಿ ಬಹಳ ಹೊತ್ತು ಮಾತಾಡಿಕೊಂಡರು. ಮುದುಕನ ಮುಖದಲ್ಲಿ ನಗು ಉಳಿದಿರಲಿಲ್ಲ.

"ಕುದ್ರೆ ಬೈರಯ್ಯ. ಇದ್ದ. ಇಲ್ಲೇ ಊಟ ಮಾಡ್ತಿದ್ದ. ಜಪಾನಿನೋರು ಬಂದಾಗ ಸಯಾಂ ದೇಶದ ಕಾಡಲ್ಲಿ ರೈಲು ಹಾಕಾಕೆ ಅಂತ ಲಾರಿಲಿ ಜನ ತುಂಬ್ಕಂಡು ಓದ್ರು. ಅವನ್ನೂ ಹಿಡ್ಕಂಡ್ರು."

"ಬಂದ್ರಾ?"

"ನೂರಕ್ಕೆ ಹತ್ತು ಜನ ಬಂದ್ರು. ಅದ್ರಲ್ಲಿ ಅವನಿದ್ನೋ ಇಲ್ವೋ ನಾನ್ ಕಾಣೆ. ಈ ಬೀದಿಲಿ, ಹಿಂದಿನ ಬೀದಿಲಿ ಕೆಲವ್ರು ಅವ್ರೆ. ಜ್ವರ ತಲೆಗೆ ಏರಿ ತನ್ ಗುರ್ತು ತನಗೇ ಇಲ್ದೋರೂ ಅವ್ರೆ." ಅವನು ಲೋಟ ತೊಳೆಯತೊಡಗಿದ. "ಓಗಮ್ಮ, ಹಡಗು ಬಿಟ್ಟೋಯ್ತದೆ. ಸತ್ತ ಅಂತ ಬರೆಸ್ಬಿಡು. ನಿಂಗೂ ನೆಮ್ಮದಿ."

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕಂಬದ ಸಾಲಿನ ನೆರಳಲ್ಲಿ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೊದಲ ಬಾಗಿಲಲ್ಲಿ ಅವಳು ಆ ಹೆಸರನ್ನು ಪಿಸುಗುಟ್ಟಿದಳು. ದರ್ಜಿ ತಲೆಯೆತ್ತಲಿಲ್ಲ. ಎರಡನೆಯದರಲ್ಲಿ ಕೊಂಚ ಗಟ್ಟಿಯಾಗಿ ಕರೆದಳು. ಐದನೆಯ ಬಾಗಿಲಿನ ಹೊತ್ತಿಗೆ ಹೊಲದಾಚೆ ಇದ್ದವನನ್ನು ಊಟಕ್ಕೆ ಕರೆಯುವಂತೆ ಕೂಗುತ್ತಿದ್ದಳು. ಬದುಕಿನಲ್ಲಿ ಒಮ್ಮೆಯೂ ಆಡದ ಹೆಸರು ಇಪ್ಪತ್ತು ಸಲ, ಮೂವತ್ತು ಸಲ ಬಾಯಿಂದ ಬಂತು. ಇಷ್ಟು ಹೊತ್ತಿಗೆ ಅವನ ಆಯಸ್ಸು ಎಷ್ಟು ಉಳಿದಿದ್ದೀತು ಎಂಬ ಯೋಚನೆ ಬಂತು, ಆದರೂ ಕರೆದಳು. ಜಗಲಿಯ ಮೇಲೆ ಕೂತಿದ್ದ ಒಬ್ಬನ ನರೆತ ತಲೆ ಮೆಲ್ಲಗೆ ಮೇಲೆದ್ದಿತು. ಓಡಿಹೋಗಿ, ಮಂಡಿಯೂರಿ ಆ ಮುಖ ನೋಡಿದಳು. ಅಲ್ಲ. ಆ ತಲೆ ಮತ್ತೆ ಬಾಗಿತು.

ಬಂದರಿನ ಕಡೆಯಿಂದ ಹಡಗು ಕೂಗಿತು. ಕೂಸು ಎದ್ದಿರುತ್ತದೆ, ತಾಯಿಗೆ ತಲೆ ಎತ್ತಲಾಗುತ್ತಿಲ್ಲ. ಸಣ್ಣಕ್ಕ ಆ ಕಡೆಗೆ ನಾಲ್ಕು ಹೆಜ್ಜೆ ಬಿರುಸಾಗಿ ನಡೆದಳು. ಐದನೆಯದು ಬರಲಿಲ್ಲ. ಹಿಂದೆ ತಿರುಗಿದರೆ, ಬೀದಿಯಲ್ಲಿ ಇನ್ನೂ ಅಷ್ಟೊಂದು ಬಾಗಿಲುಗಳಿದ್ದವು.

ಮುಂದಿನ ಬಾಗಿಲಲ್ಲಿ ಚೀನೀ ಮುದುಕಿಯೊಬ್ಬಳು ಮೊರದ ತುಂಬ ಮೊಳಕೆ ಕಾಳು ಹರಡಿಕೊಂಡು ಬೇರಿನ ಎಳೆ ಚಿವುಟುತ್ತಿದ್ದಳು.

"ಬೈರಯ್ಯ," ಎಂದಳು ಸಣ್ಣಕ್ಕ. ದನಿ ಬತ್ತಿಹೋಗಿತ್ತು.

ಮುದುಕಿ ತಲೆಯೆತ್ತಿ ಅವಳ ಮುಖ ನೋಡಿದಳು. ಒದ್ದೆ ಕೈ ಕೊಡವಿ, ಕುಳ್ಳ ಮಣೆಯೊಂದನ್ನು ಕಾಲಿನಿಂದ ಈಚೆಗೆ ತಳ್ಳಿದಳು. ಸಣ್ಣಕ್ಕ ಕೂತಳು. ಮೊರ ಇಬ್ಬರ ನಡುವೆ ಬಂತು. ಹೊರಡುವ ಹಡಗು ಮತ್ತೆ ಉದ್ದಕ್ಕೆ ಕೂಗಿತು, ಸಣ್ಣಕ್ಕ ಏಳಲಿಲ್ಲ. ಅವಳು ಒಂದು ಮೊಳಕೆ ಎತ್ತಿಕೊಂಡು, ಉಗುರಿನಿಂದ ಅದರ ಎಳೆಯನ್ನು ಚಿವುಟಿದಳು.