ಕಣ್ಣು ಕಟ್ಟಿ ಕೊಟ್ಟ ಗ್ಲಾಸು

ತಣ್ಣಗಿದೆ ಬಟ್ಟೆ, ಕೌಂಟರ್ ಒರೆಸುವ ಬಟ್ಟೆಯೇ ಇರಬೇಕು, ಸರಿಯಾಗಿ ಹಿಂಡಿಲ್ಲ, ಒಂದು ತೊಟ್ಟು ಮೂಗಿನ ಪಕ್ಕದಲ್ಲೇ ಇಳಿಯುತ್ತಿದೆ, ಇದಕ್ಕೆ ನಿಂಬೆಯ ವಾಸನೆ ಇರಬೇಕು, ಸೋಪಿನದೂ, ಇರಬೇಕು ಅಷ್ಟೇ — ನನಗೆ ತಿಳಿಯುವುದು ಬರೀ ತಣ್ಣಗೆ. ಗಂಟು ಬಿಗಿಯಾಯ್ತಾ ಎಂದು ಕೇಳುತ್ತಾನೆ ಲಂಬು, ನಮ್ಮ ಉದ್ದನೆಯ ವೇಟರ್, ಮೂಗುರಾಣಿಗೆ ಕಣ್ಣು ಕಟ್ಟಿದ್ರೂ ಒಂದೇ ಬಿಟ್ರೂ ಒಂದೇ ಬಿಡೋ ಎಂದು ಅಡುಗೆಯಕ್ಕ ನಗುತ್ತಾಳೆ, ಆ ಮೂಗುರಾಣಿ ನಾನೇ, ನಾನೂ ನಗುತ್ತೇನೆ, ಒಳಗೊಳಗೇ ಬೆವರುತ್ತೇನೆ. ಬಾರಿನ ಬಾಗಿಲು ತೆಗೆಯಲು ಇನ್ನೂ ಒಂದು ಗಂಟೆ ಇದೆ, ಹೊರಗೆ ಬಿಸಿಲು, ಒಂಬತ್ತು ವರ್ಷ ಕೌಂಟರಿನ ಒಳಗೆ ನಿಂತು ಡ್ರಿಂಕ್ ಬೆರೆಸಿದವಳು ಮೊದಲ ಸಲ ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದೇನೆ, ಕಾಲು ನೆಲಕ್ಕೆ ತಾಗುವುದಿಲ್ಲ, ಇದರ ಮೇಲೆ ಕೂತು ಜನ ಅದು ಹೇಗೆ ಮನಸ್ಸು ಬಿಚ್ಚಿ ಮಾತಾಡುತ್ತಾರೋ. ಕೆಲಸ ಬಿಟ್ಟು ಹೋಗುವವರಿಗೆ ಇದೇ ನಮ್ಮ ಪದ್ಧತಿ, ಕಣ್ಣಿಗೆ ಬಟ್ಟೆ, ಒಂದೇ ಗ್ಲಾಸಿಗೆ ಎಲ್ಲರೂ ತಮಗೆ ಬೇಕಾದ ಬಾಟಲಿಯಿಂದ ಸುರಿಯುವುದು, ಹೋಗುವವರು ಮೂಸಿ, ಕುಡಿದು, ಯಾರು ಏನು ಸುರಿದರೆಂದು ಹೇಳುವುದು, ತಪ್ಪಿದರೆ ಉಳಿದವರು ಬಿದ್ದು ಬಿದ್ದು ನಗುವುದು. ಈ ಆಟ ಶುರು ಮಾಡಿದವಳೂ ನಾನೇ, ಬೇಕಿತ್ತಾ ನನಗೆ? ಹೋದ ವರ್ಷ ಹಳೇ ವೇಟರ್ ಹೊರಟಾಗ ಸೋಂಪಿನ ಮದ್ಯವನ್ನು ಕೆಮ್ಮಿನ ಔಷಧಿ ಅಂದಿದ್ದ, ನಾನು ಮಾರು ದೂರದಿಂದಲೇ ಮೂಸಿ ಉಳಿದವರು ಸುರಿದದ್ದನ್ನೆಲ್ಲ ಹೇಳಿದ್ದೆ.

ಆಗ ಮೂಗಿತ್ತು. ಎಂಟು ತಿಂಗಳ ಹಿಂದೆ ಜ್ವರ, ಐದು ದಿನ, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು, ವಾಪಸ್ ಬರಬಹುದು ಬರದೆಯೂ ಇರಬಹುದು ಎಂದರು ಡಾಕ್ಟರು, ಅಷ್ಟು ಹೇಳಲು ಡಾಕ್ಟರೇ ಬೇಕಿತ್ತಾ. ಯಾರಿಗೂ ಹೇಳಲಿಲ್ಲ ನಾನು, ಯಾವ ಬಾಯಲ್ಲಿ ಹೇಳುವುದು, ಕೈ ಅಳತೆಯಲ್ಲಿ, ಕಣ್ಣಂದಾಜಿನಲ್ಲಿ ದಿನ ದೂಡಲು ಹೊರಟೆ, ಮೊದಲ ದಿನವೇ ಆ ಬಾದಾಮಿ — ಐಸಿನಲ್ಲಿ ನೆನೆದು ಲೇಬಲ್ ಕಿತ್ತುಹೋದ ಎರಡು ಸಿರಪ್ ಬಾಟಲಿ, ಒಂದು ಬಾದಾಮಿ, ಒಂದು ತೆಂಗಿನಕಾಯಿ, ಎರಡೂ ಬೆಳ್ಳಗೆ, ಎರಡೂ ಸಿಹಿ, ಬಾದಾಮಿ ಮಾತ್ರ ಬೇಡ ಗಂಟಲು ಊದಿ ಉಸಿರು ಕಟ್ಟುತ್ತೆ ಎಂದಿದ್ದಳು ಗಿರಾಕಿಯೊಬ್ಬಳು, ಕನ್ನಡಕದ ಹೆಂಗಸು, ನಾನು ಒಂದನ್ನು ಮೂಗಿಗೆ ಹಿಡಿದೆ, ಮೂಸುವ ನಾಟಕ ಆಡಿದೆ, ಸುರಿದೆ. ಅವಳ ಕೈಯಿಂದ ಆ ಗ್ಲಾಸನ್ನು ಕಿತ್ತುಕೊಂಡವನು ದೊಡ್ಡಣ್ಣ, ನನಗೆ ಈ ಕೆಲಸ ಕಲಿಸಿದ ಹಿರಿಯ, ನೊಣ ಬಿದ್ದಿದೆ ಎಂದು ಸಿಂಕಿಗೆ ಚೆಲ್ಲಿಬಿಟ್ಟ, ನಿಜಕ್ಕೂ ನೊಣವೇ ಇತ್ತಾ? ಅವತ್ತಿನಿಂದ ನಾನು ಮಾಡಿದ್ದನ್ನೆಲ್ಲ ಕೌಂಟರಿನ ಆ ತುದಿಗೆ ಒಯ್ದು, ಬೆನ್ನು ತಿರುಗಿಸಿ, ತಾನೇ ನಿಂಬೆ ಚೂರು ಸಿಕ್ಕಿಸಿ ಕಳಿಸತೊಡಗಿದ, ನನ್ನ ಕೆಲಸದಲ್ಲಿ ಇವನದೇನು ಅಧಿಕಪ್ರಸಂಗ ಎಂದು ಉರಿದುಕೊಂಡೆ, ಉರಿದುಕೊಳ್ಳುತ್ತಲೇ ಹೆದರಿದೆ, ನನ್ನ ಕೈಯಿಂದ ಯಾರ ಹೊಟ್ಟೆಗೆ ಏನು ಹೋಯಿತೋ, ಯಾರ ಗಂಟಲು ಎಲ್ಲಿ ಊದಿತೋ. ಸಾಕಪ್ಪ ಸಾಕು, ನಾಳೆಯಿಂದ ನಮ್ಮಕ್ಕನ ಹೊಲಿಗೆ ಅಂಗಡಿ, ಗುಂಡಿ ತಪ್ಪು ಹೊಲಿದರೆ ಯಾರ ಉಸಿರೂ ಕಟ್ಟುವುದಿಲ್ಲ. ಆದರೆ ಇವತ್ತು, ಈ ಕೊನೆಯ ಗಂಟೆಯಲ್ಲಿ, ಇವರೆದುರು, ಇಷ್ಟು ದಿನ ಮೋಸ ಮಾಡಿದೆ ಎಂದು ಗೊತ್ತಾಗಿಬಿಟ್ಟರೆ — ಸುರಿಯುತ್ತಿದ್ದಾರೆ, ಒಂದು, ಎರಡು, ಮೂರು, ಗ್ಲಾಸು ಕೈಗೆ ಬಂತು, ಮೂಸಿ ಮೇಡಂ ಮೂಸಿ ಎನ್ನುತ್ತಾನೆ ಲಂಬು, ಮೂಸುತ್ತೇನೆ, ಗೋಡೆ ಮೂಸಿದ ಹಾಗೆ. ಬಾಯಿಗೆ ಬಂದದ್ದು ಹೇಳಿಬಿಡಲಾ, ಶುಂಠಿ, ಕಿತ್ತಳೆ, ಸೋಂಪು? ಕುಡಿದೆ. ಗಂಟಲು ಸುಡಲಿಲ್ಲ, ಸಿಹಿಯಿಲ್ಲ, ಹುಳಿಯಿಲ್ಲ, ನಿನ್ನೆಯವರೆಗೆ ಅಷ್ಟಾದರೂ ತಿಳಿಯುತ್ತಿತ್ತಲ್ಲ, ನಾಲಿಗೆಯೂ ಹೋಯಿತಾ ದೇವರೇ. ನನಗೇನೂ ಗೊತ್ತಾಗ್ತಿಲ್ಲ, ಅಂದುಬಿಟ್ಟೆ, ಜ್ವರ ಬಂದಾಗಿಂದ ವಾಸನೇನೇ ಇಲ್ಲ, ನಿಮಗೆಲ್ಲ ಸುಳ್ಳು ಹೇಳ್ದೆ, ಇದು ನನಗೆ ಬರೀ ನೀರು.

ನೀರೇ ಕಣೇ ಅದು. ದೊಡ್ಡಣ್ಣನ ದನಿ. ಮೂರು ಜನಾನೂ ನಲ್ಲಿ ನೀರೇ ಹಾಕಿದ್ದು, ಸರಿಯಾಗೇ ಹೇಳ್ದೆ. ಲಂಬು ಸಿಳ್ಳೆ ಹೊಡೆದ, ಅಡುಗೆಯಕ್ಕ ಗಂಟು ಬಿಚ್ಚಿದಳು, ಬೆಳಕು ಕಣ್ಣಿಗೆ ಚುಚ್ಚಿತು, ನಿಮಗೆ ಗೊತ್ತಿತ್ತಾ ಎಂದರೆ ನೊಣದ ದಿನದಿಂದ್ಲೂ ಗೊತ್ತು ಎನ್ನುತ್ತಾಳೆ, ಹಾಗಾದ್ರೆ ನಾನು ಇಷ್ಟು ದಿನ ಮಾಡಿ ಕೊಟ್ಟಿದ್ದು? ಒಂದೂ ತಪ್ಪು ಹೊರಗೆ ಹೋಗಿಲ್ಲ ಮಾರಾಯ್ತಿ, ಪ್ರತಿಯೊಂದನ್ನೂ ಇವನು ಸ್ಟ್ರಾ ಅದ್ದಿ ರುಚಿ ನೋಡೇ ಕಳಿಸಿದ್ದು, ಹನ್ನೊಂದು ಸಲ ಚೆಲ್ಲಿ ಬೇರೆ ಮಾಡಿದಾನೆ. ಯಾಕೆ ಹೇಳ್ಲಿಲ್ಲ ದೊಡ್ಡಣ್ಣ? ಹೇಳಿದ್ರೆ ನೀನು ಅವತ್ತೇ ಹೋಗ್ಬಿಡ್ತಿದ್ದೆ. ಅಬ್ಬಾ, ಎದೆಯ ಮೇಲಿನ ಭಾರ ಇಳಿಯಿತು, ಯಾರ ಗಂಟಲೂ ಊದಲಿಲ್ಲ, ಯಾರಿಗೂ ಏನೂ ಆಗಲಿಲ್ಲ, ಅಳುತ್ತಿದ್ದೇನೋ ನಗುತ್ತಿದ್ದೇನೋ, ಎಂಟು ತಿಂಗಳು, ದಿನಾ ಸಂಜೆ, ನಾನು ಹಲ್ಲು ಕಚ್ಚಿ ನೋಡುತ್ತಿದ್ದ ಆ ಬೆನ್ನಿನ ಆಚೆ — ಸ್ಟ್ರಾ ಅದ್ದುತ್ತಾನೆ, ಮೇಲಿನ ತೂತನ್ನು ಬೆರಳಿನಿಂದ ಮುಚ್ಚುತ್ತಾನೆ, ಎತ್ತುತ್ತಾನೆ, ನಾಲಿಗೆಯ ಮೇಲೆ ಒಂದು ಹನಿ, ಆಮೇಲೆ ನಿಂಬೆ ಚೂರು, ಮತ್ತೆ ಇನ್ನೊಂದು ಗ್ಲಾಸು, ಸ್ಟ್ರಾ, ಬೆರಳು, ಒಂದು ಹನಿ, ಮತ್ತೆ ಸ್ಟ್ರಾ, ಬೆರಳು, ಒಂದು ಹನಿ —